ಡಬ್ಬಿಗೆ ಜಾಗ ಗೊತ್ತು, ಊರು ಗೊತ್ತಿಲ್ಲ

📍 ಸಂತೆಬಾಚಹಳ್ಳಿ, ಕೆ.ಆರ್.ಪೇಟೆ ತಾಲ್ಲೂಕು

ಭಾಗ 1: ಡ್ರಾಯರ್‌ನಲ್ಲಿ ಸಿಕ್ಕಿದ್ದು

ಫ್ರೆಂಡ್ಸ್, ಮೊದಲ ಫೋಟೋ ನೋಡಿ. ಆಯುಧಪೂಜೆಗೆ ಮಾವನ ಕಾರು ತೊಳೀತಿದ್ದಾಗ ಡ್ಯಾಶ್‌ಬೋರ್ಡ್ ಡ್ರಾಯರ್‌ನಲ್ಲಿ ಸಿಕ್ಕಿದ್ದು ಇದು. 4.3 ಇಂಚಿನ ಸ್ಕ್ರೀನ್, ಹಿಂದೆ ಗಾಜಿಗೆ ಅಂಟಿಸೋ ರಬ್ಬರ್ ಬಟ್ಟಲು, ಪಕ್ಕದಲ್ಲಿ ಮೆಮೊರಿ ಕಾರ್ಡ್ ಹಾಕೋ ಸಂದು. ಮಾವ ಬಾಡಿಗೆ ಕಾರು ಓಡಿಸೋಕೆ ಶುರು ಮಾಡಿದಾಗ ಬೆಂಗಳೂರಿನ ಎಸ್‌.ಪಿ. ರೋಡಿಂದ ತಂದಿದ್ದ ಅಗ್ಗದ ಜಿಪಿಎಸ್ ಡಬ್ಬಿ.

"ಇದ್ಯಾಕ್ಲಾ ಇನ್ನ? ಗುಜರಿಗೆ ಹಾಕ್ಬುಡು" ಅಂದ್ರು. ನಾನು ಚಾರ್ಜರ್‌ಗೆ ಹಾಕಿ ಅಂಗಳದಲ್ಲಿಟ್ಟೆ. ಹತ್ತು ನಿಮಿಷದ ಮೇಲೆ ಸಿಗ್ನಲ್ ಬಂತು. ದಿನಾಂಕ ನೋಡಿದ್ರೆ ಸುಮಾರು 20 ವರ್ಷ ಹಿಂದಿಂದು! ಮ್ಯಾಪ್‌ನಲ್ಲಿ ನಮ್ಮೂರಿರೋ ಕಡೆ ಹೆಸರೇ ಇಲ್ಲ, ಬರೀ ಖಾಲಿ ಜಾಗ. ಆದ್ರೆ ಬಾಣದ ಗುರುತು ಮಾತ್ರ ಕರೆಕ್ಟಾಗಿ ನಮ್ಮ ಅಂಗಳದ ಮೇಲೇ ಇತ್ತು. ಪಕ್ಕದಲ್ಲಿ ಮಾವ ತಾವೇ ಹಾಕಿದ್ದ ಒಂದು ಗುರುತು: "ಮನೆ".

ನಾವು ಎಲ್ಲಿದ್ದೀವಿ ಅಂತ ಡಬ್ಬಿಗೆ ಗೊತ್ತು. ಆ ಜಾಗದ ಹೆಸರೇನು ಅಂತ ಗೊತ್ತಿಲ್ಲ. ಈ ಎರಡೂ ಬೇರೆ ಬೇರೆ ವಿಷಯ ಅನ್ನೋದು ನನಗೆ ಅವತ್ತೇ ಹೊಳೆದಿದ್ದು. ಇವೆರಡರ ಕಥೆ ಶುರುವಾಗೋದು ನಮ್ಮ ಜಿಲ್ಲೆಯಲ್ಲೇ, ಶ್ರೀರಂಗಪಟ್ಟಣದಲ್ಲಿ. ಸ್ವೈಪ್ ಮಾಡಿ 👉

ಭಾಗ 2: ದಾರಿ ತಪ್ಪಿದ ಸೈನ್ಯ

1799ರ ಏಪ್ರಿಲ್. ಟಿಪ್ಪು ಸುಲ್ತಾನರ ಶ್ರೀರಂಗಪಟ್ಟಣಕ್ಕೆ ಇಂಗ್ಲಿಷರು ಮುತ್ತಿಗೆ ಹಾಕಿದ್ದಾರೆ. ಒಂದು ರಾತ್ರಿ ಜನರಲ್ ಬೇರ್ಡ್ ತನ್ನ ತುಕಡಿ ಜೊತೆ ಕೋಟೆ ಹತ್ತಿರದ ಒಂದು ತೋಪನ್ನ ಹುಡುಕಾಡಿ, ಅಲ್ಲಿ ಯಾರೂ ಸಿಗದೆ ವಾಪಸ್ ಹೊರಟ. ಕಗ್ಗತ್ತಲು. ಜೊತೆಗಿದ್ದ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ತಲೆ ಎತ್ತಿ ನಕ್ಷತ್ರ ನೋಡಿದವನೇ, ನಾವು ಉತ್ತರಕ್ಕಲ್ಲ, ದಕ್ಷಿಣಕ್ಕೆ ಹೋಗ್ತಿದ್ದೀವಿ ಅಂದ. ಅಂದ್ರೆ ತಮ್ಮ ಶಿಬಿರಕ್ಕಲ್ಲ, ನೇರ ಟಿಪ್ಪು ಸೈನ್ಯದ ಕಡೆಗೆ! ಬೇರ್ಡ್ ಮೊದಲು ಒಪ್ಪಲಿಲ್ಲ. ಆಮೇಲೆ ದಿಕ್ಸೂಚಿ ತೆಗೆದು ನೋಡಿದಾಗ ಲ್ಯಾಂಬ್ಟನ್ ಹೇಳಿದ್ದೇ ನಿಜ. ಇದೇ ಬೇರ್ಡ್ ಹಿಂದೆ ಇದೇ ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದವನು. ಅವತ್ತು ದಾರಿ ತಪ್ಪಿದ್ರೆ ಏನಾಗ್ತಿತ್ತೋ ಯೋಚಿಸಿ.

ಮೇ 4ಕ್ಕೆ ಕೋಟೆ ಬಿತ್ತು, ಟಿಪ್ಪು ಮಡಿದರು. ಲ್ಯಾಂಬ್ಟನ್ ಅದಾದ ಮೇಲೆ, ದಕ್ಷಿಣ ಭಾರತವನ್ನ ತ್ರಿಕೋನಗಳಾಗಿ ಅಳೆಯೋಣ ಅನ್ನೋ ಯೋಜನೆ ಮುಂದಿಟ್ಟ. ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ 1802ರ ಏಪ್ರಿಲ್ 10ಕ್ಕೆ ಆ ಅಳತೆ ಆರಂಭವಾಯ್ತು. ಕೋನ ಅಳೆಯೋ ಥಿಯೊಡಲೈಟ್ ಯಂತ್ರ ಸುಮಾರು ಅರ್ಧ ಟನ್ ತೂಕ. ಅದನ್ನ ತರ್ತಿದ್ದ ಹಡಗನ್ನ ಫ್ರೆಂಚರು ಹಿಡಿದು ಮಾರಿಷಸ್‌ಗೆ ಒಯ್ದು, ಆಮೇಲೆ ಯಂತ್ರವನ್ನ ಮರ್ಯಾದೆಯಿಂದ ವಾಪಸ್ ಕಳಿಸಿದ್ರು. ಮುಂದೆ "ಗ್ರೇಟ್ ಟ್ರಿಗನಾಮೆಟ್ರಿಕಲ್ ಸರ್ವೆ" ಅಂತ ಹೆಸರಾಗಿದ್ದು ಇದೇ.

ಗೊತ್ತಿರೋ ಜಾಗದಿಂದ ಗೊತ್ತಿಲ್ಲದ ಜಾಗವನ್ನ ಲೆಕ್ಕ ಹಾಕೋದು: ಜಿಪಿಎಸ್ ಡಬ್ಬಿ ಮಾಡೋದೂ ಅದನ್ನೇ. ಗುಡ್ಡದ ತುದಿ ಬದಲು ಉಪಗ್ರಹ, ಕೋನದ ಬದಲು ದೂರ.

ಭಾಗ 3: ಹೆಸರು ಬರೆದವರು

ಲ್ಯಾಂಬ್ಟನ್ ಅಳೆದಿದ್ದು ಜಾಗ. ಹೆಸರು? ಅದೇ ಯುದ್ಧದಲ್ಲಿದ್ದ ಇನ್ನೊಬ್ಬ ಅಧಿಕಾರಿ ಕಾಲಿನ್ ಮೆಕೆಂಜಿಗೆ ಮೈಸೂರು ಸೀಮೆಯ ಸರ್ವೆ ವಹಿಸಿದ್ರು. ಅವನ ತಂಡ ಊರೂರಿಗೆ ಹೋಗಿ ಗಡಿ, ಕೆರೆ, ಶಾಸನ, ಕಥೆ ಎಲ್ಲಾ ಬರೆದುಕೊಂಡಿತು. ಭಾಷೆ ಗೊತ್ತಿಲ್ಲದ ಮೆಕೆಂಜಿಗೆ ಆಧಾರ ಆಗಿದ್ದವರು ಕಾವಲಿ ವೆಂಕಟ ಬೋರಯ್ಯ ಅವರಂಥ ಇಲ್ಲಿನ ವಿದ್ವಾಂಸರು. ಇದು ಪ್ರೀತಿಗೆ ಮಾಡಿದ ಕೆಲಸ ಅಂದ್ಕೋಬೇಡಿ. ಹೊಸ ಆಡಳಿತಕ್ಕೆ ತೆರಿಗೆ ಲೆಕ್ಕ ಬೇಕಿತ್ತು, ಸೈನ್ಯಕ್ಕೆ ದಾರಿ ಬೇಕಿತ್ತು. 1815ರಲ್ಲಿ ಮೆಕೆಂಜಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ.

ಮ್ಯಾಪ್‌ನಲ್ಲಿ ಹೆಸರು ಬರೆಯೋರ ಕೈಯಲ್ಲಿ ಊರಿನ ಗತಿ ಇರುತ್ತೆ. ಶ್ರೀರಂಗಪಟ್ಟಣ "ಸೆರಿಂಗಪಟಂ" ಆಯ್ತು. ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಪಾಂಡವಪುರ "ಫ್ರೆಂಚ್ ರಾಕ್ಸ್" ಆಯ್ತು. ನಮ್ಮ ಕೆ.ಆರ್.ಪೇಟೆಯ ಹಳೇ ಹೆಸರು ಅತ್ತಿಗುಪ್ಪೆ. ಈ ಕಷ್ಟ ಮಾವನ ಡಬ್ಬಿಗೂ ಬಂತು. 2014ರ ನವೆಂಬರ್ 1ಕ್ಕೆ ರಾಜ್ಯದ 12 ನಗರಗಳ ಹೆಸರು ಇಂಗ್ಲಿಷ್‌ನಲ್ಲೂ ಕನ್ನಡದ ರೀತಿ ಬದಲಾಯ್ತು. ಹಳೇ ಕಾರ್ಡ್ ಇರೋ ಡಬ್ಬಿಯಲ್ಲಿ "ಮೈಸೂರು" ಅಂತ ಹುಡುಕಿದ್ರೆ ಸಿಗಲ್ಲ, "ಮೈಸೂರ್" ಅಂತಲೇ ಹೊಡೀಬೇಕು. ಇನ್ನು ನಮ್ಮೂರ ಹೆಸರಿಗೆ ಇಂಗ್ಲಿಷ್‌ನಲ್ಲಿ "ಟಿ" ಆದ್ಮೇಲೆ "ಎಚ್" ಇದೆಯೋ ಇಲ್ವೋ, ಹೊಸದಾಗಿ ಬಂದೋರಿಗೆ ಹೇಗೆ ಗೊತ್ತಾಗುತ್ತೆ ಹೇಳಿ!

ಭಾಗ 4: ಆಕಾಶಕ್ಕೆ ಹೋದ ಗಡಿಯಾರ

ಅಮೆರಿಕದ ಸೈನ್ಯ ಮೊದಲ ಜಿಪಿಎಸ್ ಉಪಗ್ರಹ ಹಾರಿಸಿದ್ದು 1978ರಲ್ಲಿ. 1983ರಲ್ಲಿ ಕೊರಿಯಾದ ಪ್ರಯಾಣಿಕರ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋದಾಗ ಹೊಡೆದುರುಳಿಸಿದ್ರು. 269 ಜನ ಸತ್ತರು. ಆಮೇಲೆ ಅಮೆರಿಕದ ಅಧ್ಯಕ್ಷ ರೇಗನ್, ಜಿಪಿಎಸ್ ಸಿದ್ಧವಾದ ಮೇಲೆ ಜನಸಾಮಾನ್ಯರಿಗೂ ಕೊಡ್ತೀವಿ ಅಂದ್ರು. ಕೊಟ್ಟಿದ್ದು ಮಾತ್ರ ಬೇಕಂತಲೇ ಕೆಡಿಸಿದ ಸಿಗ್ನಲ್: ಸುಮಾರು 100 ಮೀಟರ್ ವ್ಯತ್ಯಾಸ. 2000ದ ಮೇ 2ಕ್ಕೆ ಆ ಕೆಡಿಸೋದನ್ನ ನಿಲ್ಲಿಸಿದ್ರು. ಕಾರಿನ ಡಬ್ಬಿ ವ್ಯಾಪಾರ ಎದ್ದಿದ್ದು ಅದಾದ್ಮೇಲೆ. 100 ಮೀಟರ್ ತಪ್ಪಿದ್ರೆ ಮೇನ್ ರೋಡ್ ಮೇಲಿದ್ದೀವೋ ಸರ್ವಿಸ್ ರೋಡ್ ಮೇಲಿದ್ದೀವೋ ಹೇಳೋದು ಹೇಗೆ?

ಉಪಗ್ರಹ ಸುಮಾರು 20,200 ಕಿ.ಮೀ. ಎತ್ತರದಿಂದ ಸಮಯ ಕಳಿಸುತ್ತೆ. ಕನಿಷ್ಠ 4 ಉಪಗ್ರಹ ಸಿಕ್ಕಿದ್ರೆ ಡಬ್ಬಿ ಲೆಕ್ಕ ಹಾಕುತ್ತೆ. ಮಾವನ ಡಬ್ಬಿ ಹತ್ತು ನಿಮಿಷ ತಗೊಂಡಿದ್ದಕ್ಕೂ ಕಾರಣ ಇದೆ: ಎಲ್ಲಾ ಉಪಗ್ರಹಗಳ ಪಟ್ಟಿ ಆಕಾಶದಿಂದ ಪೂರ್ತಿ ಇಳಿಯೋಕೆ 12.5 ನಿಮಿಷ ಬೇಕು. ಫೋನ್ ಅದನ್ನ ಇಂಟರ್‌ನೆಟ್‌ನಿಂದ ತಗೊಳ್ಳುತ್ತೆ, ಅದಕ್ಕೇ ಅಷ್ಟು ಬೇಗ.

ದಿನಾಂಕ ಹಿಂದೆ ಹೋಗಿದ್ದು ಯಾಕೆ? ಹಳೇ ಜಿಪಿಎಸ್ ಸಿಗ್ನಲ್‌ನಲ್ಲಿ ವಾರದ ಲೆಕ್ಕ 1023ರವರೆಗೆ ಮಾತ್ರ. ಅದು ಮುಗಿದ್ರೆ ಮತ್ತೆ ಸೊನ್ನೆ. 2019ರ ಏಪ್ರಿಲ್‌ನಲ್ಲಿ ಹಾಗಾಯ್ತು. ಹೊಸ ಸಾಫ್ಟ್‌ವೇರ್ ಹಾಕಿಸದ ಡಬ್ಬಿಗಳು 1024 ವಾರ, ಅಂದ್ರೆ ಸುಮಾರು 19 ವರ್ಷ 7 ತಿಂಗಳು ಹಿಂದಕ್ಕೆ ಹೋಗಿಬಿಟ್ವು.

ಭಾಗ 5: ಡಬ್ಬಿ ಕೊಳ್ಳೋದು ಅಂದ್ರೆ ಮ್ಯಾಪ್ ಕೊಳ್ಳೋದು

ನಮ್ಮ ದೇಶದಲ್ಲಿ ರಾಕೇಶ್ ವರ್ಮ, ರಶ್ಮಿ ವರ್ಮ ದಂಪತಿ 1995ರಲ್ಲೇ ಡಿಜಿಟಲ್ ಮ್ಯಾಪ್ ಕಂಪನಿ ಶುರು ಮಾಡಿದ್ರು. ಅದೇ ಮ್ಯಾಪ್‌ಮೈಇಂಡಿಯಾ. 2005ರ ರಾಷ್ಟ್ರೀಯ ನಕ್ಷೆ ನೀತಿ ಬರೋತನಕ ಸರ್ವೆ ಆಫ್ ಇಂಡಿಯಾದ ನಕ್ಷೆಗಳ ಬಳಕೆಗೆ ಬಿಗಿ ನಿರ್ಬಂಧ ಇತ್ತು. ಆಮೇಲಿನ ಕೆಲವು ವರ್ಷಗಳಲ್ಲಿ ಮ್ಯಾಪ್‌ಮೈಇಂಡಿಯಾ, ಗಾರ್ಮಿನ್ ಡಬ್ಬಿಗಳು ಅಂಗಡಿಗೆ ಬಂದ್ವು. ಜೊತೆಗೆ ವಿಂಡೋಸ್ ಸಿಇ ಮೇಲೆ ಓಡೋ, ಹೆಸರಿಲ್ಲದ ಚೈನಾ ಡಬ್ಬಿಗಳೂ ಬಂದ್ವು. ಮಾವಂದು ಆ ಜಾತಿ.

ಅವತ್ತು ಮಾವ ನೋಡಿದ್ದು ಸ್ಕ್ರೀನ್ ಸೈಜ್, ಹಾಡು ಬರುತ್ತಾ, ವಿಡಿಯೋ ಬರುತ್ತಾ ಅಂತ. ನೋಡಬೇಕಿದ್ದಿದ್ದು ಬೇರೆ. ಈಗಲೂ ಸೆಕೆಂಡ್‌ಹ್ಯಾಂಡ್ ಡಬ್ಬಿಯೋ ಕಾರಿನ ಆಂಡ್ರಾಯ್ಡ್ ಸ್ಟೀರಿಯೋನೋ ತಗೊಳ್ಳೋರಿಗೆ ನನ್ನ ಪಟ್ಟಿ ಇದು:

✅ ಅಂಗಡಿಯಲ್ಲೇ ನಿಮ್ಮ ಹೋಬಳಿ ಹುಡುಕಿ. ಬೆಂಗಳೂರು ಎಲ್ಲದರಲ್ಲೂ ಇರುತ್ತೆ. ಕಿಕ್ಕೇರಿ, ಬೂಕನಕೆರೆ, ಸಂತೆಬಾಚಹಳ್ಳಿ ಇದೆಯಾ?
✅ ಹೊರಗೆ ತಂದು ಆನ್ ಮಾಡಿ. ದಿನಾಂಕ ಸರಿಯಿದೆಯಾ ನೋಡಿ.
✅ ಮ್ಯಾಪ್ ಅಪ್‌ಡೇಟ್ ಸಿಗುತ್ತಾ, ಅದಕ್ಕೆ ದುಡ್ಡೆಷ್ಟು ಕೇಳಿ. ಡಬ್ಬಿ ಅಗ್ಗ ಇದ್ರೂ ಅಪ್‌ಡೇಟ್ ಅಗ್ಗ ಇರಬೇಕು ಅಂತೇನಿಲ್ಲ.
✅ ನೆಟ್‌ವರ್ಕ್ ಇಲ್ಲದೆ ಓಡುತ್ತಾ?
✅ ನಮ್ಮದೇ ಜಾಗಗಳನ್ನ ಸೇರಿಸಿ, ಆಮೇಲೆ ಹೊರಗೆ ತೆಗೆಯೋಕೆ ಬರುತ್ತಾ?

ಕೊನೇದು ಬಹಳ ಮುಖ್ಯ. ಯಾಕೆ ಅಂತ ಮುಂದಿನ ಭಾಗದಲ್ಲಿ 👉

ಭಾಗ 6: ಮಾವನ ಡೈರಿ

ಡಬ್ಬಿ ತಂದ ಹೊಸದರಲ್ಲಿ ಒಂದು ರಾತ್ರಿ ತೋಟದ ಮನೆಯ ಅಜ್ಜನಿಗೆ ಎದೆನೋವು ಬಂತು. ಕರೆಸಿದ್ದ ಗಾಡಿಯವರು "ಬಾಚಹಳ್ಳಿ" ಅನ್ನೋದಷ್ಟೇ ಕೇಳಿಸ್ಕೊಂಡು ಅದೇ ಥರ ಹೆಸರಿನ ಇನ್ನೊಂದೂರಿಗೆ ಹೋಗಿ ಫೋನ್ ಮಾಡ್ತಿದ್ರು. ಕಾದು ಕಾದು ಮಾವನೇ ತಮ್ಮ ಕಾರಲ್ಲಿ ಕರ್ಕೊಂಡು ಹೋದ್ರು. ಅಜ್ಜ ಉಳಿದ್ರು. ಮಾರನೇ ದಿನವೇ ಮಾವ ಆ ತೋಟದ ಮನೆ ಮುಂದೆ ನಿಂತು ಡಬ್ಬಿಯಲ್ಲಿ ಮೊದಲ ಗುರುತು ಹಾಕಿದ್ರು. ಆಮೇಲೆ ಹೋದ ಕಡೆಯೆಲ್ಲಾ ಅಕ್ಷಾಂಶ ರೇಖಾಂಶ ಡೈರಿಯಲ್ಲಿ ಬರೆಯೋ ಅಭ್ಯಾಸ ಆಯ್ತು. ಎರಡನೇ ಫೋಟೋ ಅದೇ ಡೈರಿ: 64 ಜಾಗ.

ಒಂದು ಪುಟದಲ್ಲಿ ಕೆಂಪು ಗೀಟು ಇದೆ. ಕೆ.ಆರ್.ಪೇಟೆಯ ಅಕ್ಷಾಂಶ ಸುಮಾರು 12 ಡಿಗ್ರಿ 40 ಮಿನಿಟ್. ಮಾವ ಅದನ್ನ 12.40 ಅಂತ ಹೊಡೆದಿದ್ರು. ಒಂದು ಡಿಗ್ರಿಗೆ 60 ಮಿನಿಟ್ ಅಲ್ವಾ? ಹಾಗಾಗಿ ಸರಿಯಾದ್ದು 12.67. ಈ ತಪ್ಪಿಗೆ ಕೆ.ಆರ್.ಪೇಟೆ ಸುಮಾರು 30 ಕಿ.ಮೀ. ದಕ್ಷಿಣಕ್ಕೆ, ಕೆಆರ್‌ಎಸ್ ಹಿನ್ನೀರಿನ ಕಡೆಗೆ ಹೋಗಿತ್ತು 😄 ದಶಾಂಶದ ನಂತರ ಎರಡಂಕಿ ಅಂದ್ರೆ ಸುಮಾರು 1 ಕಿ.ಮೀ. ನಿಖರ, ನಾಲ್ಕಂಕಿ ಅಂದ್ರೆ ಸುಮಾರು 11 ಮೀಟರ್. ಮನೆ ಬಾಗಿಲು ಬೇಕಂದ್ರೆ ನಾಲ್ಕಂಕಿ ಬರೀರಿ.

ಇನ್ನೊಂದು ಪುಟದಲ್ಲಿ ದೊಡ್ಡಕ್ಷರದಲ್ಲಿ "ಶಾರ್ಟೆಸ್ಟ್ ಬೇಡ". ಆ ಸೆಟ್ಟಿಂಗ್ ಇದ್ರೆ ಡಬ್ಬಿ ಎರಡು ಕಿಲೋಮೀಟರ್ ಉಳಿಸೋಕೆ ನಾಲೆ ಏರಿ ಮೇಲೆ ಹತ್ತಿಸ್ತಿತ್ತು. ಮಂಡ್ಯದೋರಿಗೆ ನಾಲೆ ಏರಿ ಅಂದ್ರೆ ಏನು ಅಂತ ಹೇಳಬೇಕಿಲ್ಲ. 2018ರ ನವೆಂಬರ್ 24ಕ್ಕೆ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ ನಾಲೆಗೆ ಬಿದ್ದು 30 ಜನ ಹೋದ್ರು. ಆ ದುರಂತಕ್ಕೂ ಜಿಪಿಎಸ್‌ಗೂ ಸಂಬಂಧ ಇಲ್ಲ. ಆದ್ರೆ ತಡೆಗೋಡೆ ಇಲ್ಲದ ಏರಿ ಮೇಲೆ ರಾತ್ರಿ ಹೊತ್ತು ಹೊಸಬರನ್ನ ಕಳಿಸೋದು ತಪ್ಪು ಅಂತ ಮ್ಯಾಪ್‌ಗೆ ಗೊತ್ತಿರಲ್ಲ, ಅಲ್ಲಿನೋರಿಗೆ ಗೊತ್ತಿರುತ್ತೆ. "ಫಾಸ್ಟೆಸ್ಟ್" ಇಟ್ಟು, ಮಣ್ಣುರಸ್ತೆ ಬೇಡ ಅನ್ನೋದನ್ನ ಆನ್ ಮಾಡಿ. ಡಬ್ಬಿಯ ಸ್ಟಾರ್ಟಿಂಗ್ ಚಿತ್ರ, ಹೆಂಗಸಿನ ದನಿ ಬದಲಾಯಿಸೋದೆಲ್ಲಾ ಆಮೇಲೆ ನೋಡ್ಕೊಂಡ್ರಾಯ್ತು.

ಭಾಗ 7: ಈಗ ನಮ್ಮ ಸರದಿ

ಈಗ ಜಾಗ ಹೇಳೋ ಕೆಲಸದಲ್ಲೂ ನಾವಿದ್ದೀವಿ. ನಮ್ಮದೇ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1. 2016ರ ಏಪ್ರಿಲ್‌ನಲ್ಲಿ ಏಳನೇದು ಹೋದಾಗ ನಾವಿಕ್ ಅನ್ನೋ ಹೆಸರಿಟ್ರು. ಇದರ ಕೇಂದ್ರ ಇರೋದು ಬೆಂಗಳೂರು ಹತ್ತಿರದ ಬ್ಯಾಲಾಳಿನಲ್ಲಿ. ಉಪಗ್ರಹಗಳನ್ನ ಕಕ್ಷೆಗೆ ಏರಿಸಿ ನೋಡ್ಕೊಳ್ಳೋ ಇಸ್ರೋ ಕೇಂದ್ರ ನಮ್ಮ ಪಕ್ಕದ ಹಾಸನದಲ್ಲಿದೆ. ಮೊದಮೊದಲ ಉಪಗ್ರಹಗಳಲ್ಲಿ ವಿದೇಶಿ ಪರಮಾಣು ಗಡಿಯಾರಗಳು ಕೈಕೊಟ್ವು. 2023ರ ಮೇ 29ಕ್ಕೆ ಹಾರಿದ ಎನ್‌ವಿಎಸ್-01ರಲ್ಲಿ ನಮ್ಮಲ್ಲೇ ಮಾಡಿದ ಗಡಿಯಾರ ಇದೆ. ಮಾವನ ಹಳೇ ಡಬ್ಬಿಯ ಚಿಪ್‌ಗೆ ನಾವಿಕ್ ಸಿಗಲ್ಲ. ಹೊಸದು ತಗೊಳ್ಳೋರು ಅದನ್ನೂ ಕೇಳಿ.

ಆದ್ರೆ ಹೆಸರು? ಅದನ್ನ ಇಸ್ರೋ ಕೂಡ ಮೇಲಿಂದ ಹೇಳೋಕಾಗಲ್ಲ. 2008ರಲ್ಲಿ ಗೂಗಲ್ ಮ್ಯಾಪ್ ಮೇಕರ್ ಬಂತು. ಯಾರು ಬೇಕಾದ್ರೂ ತಮ್ಮ ಊರ ರಸ್ತೆ ಬರೆಯಬಹುದಾಗಿದ್ದ ಆ ಸೌಲಭ್ಯ ರೂಪುಗೊಂಡಿದ್ದು ಬೆಂಗಳೂರಿನ ಕಚೇರಿಯಲ್ಲಿ. 2017ರಲ್ಲಿ ಅದು ಮುಚ್ಚಿತು. 2004ರಲ್ಲಿ ಇಂಗ್ಲೆಂಡ್‌ನಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಇವತ್ತಿಗೂ ಇದೆ. ಅಲ್ಲಿ ಕನ್ನಡದಲ್ಲೇ ಹೆಸರು ಬರೀಬಹುದು, ಮ್ಯಾಪ್ ಪುಕ್ಕಟೆ, ಗಾರ್ಮಿನ್‌ನಂಥ ಹಳೇ ಡಬ್ಬಿಗೂ ಕಾರ್ಡ್‌ನಲ್ಲಿ ಹಾಕ್ಕೊಳ್ಳಬಹುದು.

ನಾನೀಗ ಮಾವನ ಡೈರಿಯ 64 ಜಾಗ ಒಂದೊಂದಾಗಿ ನೋಡ್ತಿದ್ದೀನಿ. ಕೆಲವು ಈಗಿಲ್ಲ: ಒಂದು ಆಲೆಮನೆ ಮುಚ್ಚಿದೆ, ಒಂದು ಹುಣಸೆಮರ ರಸ್ತೆ ಅಗಲ ಮಾಡುವಾಗ ಹೋಯ್ತು. ಉಳಿದಿದ್ದನ್ನ ಮ್ಯಾಪ್‌ಗೆ ಸೇರಿಸ್ತಿದ್ದೀನಿ: ಕೆರೆ, ದೇವಸ್ಥಾನ, ಸ್ಕೂಲು, ತೋಟದ ಮನೆಗಳಿಗೆ ಹೋಗೋ ದಾರಿ. ಮನೆಯವರ ಹೆಸರು, ಫೋನ್ ನಂಬರ್ ಹಾಕಲ್ಲ, ನೀವೂ ಹಾಕ್ಬೇಡಿ. ತೋಟದ ಮನೆ ದಾರಿ ಹಾಕಿ ಮಾವನಿಗೆ ಫೋನ್‌ನಲ್ಲಿ ತೋರಿಸ್ದೆ. ಸ್ವಲ್ಪ ಹೊತ್ತು ನೋಡಿ, "ಅಜ್ಜ ಹೋಗಿ ನಾಕು ವರ್ಸ ಆಯ್ತು. ದಾರಿ ಮಾತ್ರ ಸರ್ಯಾಗದೆ ಕಣ್ಲಾ" ಅಂದ್ರು. ಡಬ್ಬಿಯನ್ನ ಗುಜರಿಗೆ ಹಾಕು ಅಂತ ಮತ್ತೆ ಹೇಳಿಲ್ಲ.

ಕ್ಲಾಸ್‌ಮೇಟ್ಸ್, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣದೋರು ನಮ್ಮಲ್ಲೇ ಎಷ್ಟು ಜನ ಇದ್ದೀರಿ! ಈ ಭಾನುವಾರ ನಿಮ್ಮೂರನ್ನ ಮ್ಯಾಪ್‌ನಲ್ಲಿ ತೆಗೆದು ನೋಡಿ. ಯಾವ ಹೆಸರಿಲ್ಲ, ಯಾವ ಹೆಸರು ತಪ್ಪಿದೆ, ಕಾಮೆಂಟ್ ಮಾಡಿ. ಹೇಗೆ ಸೇರಿಸೋದು ಅಂತ ಮುಂದಿನ ಪೋಸ್ಟ್‌ನಲ್ಲಿ ತೋರಿಸ್ತೀನಿ 🙏

#ಸಂತೆಬಾಚಹಳ್ಳಿ #ಕೆಆರ್‌ಪೇಟೆ #ನಮ್ಮಮಂಡ್ಯ #ಜಿಪಿಎಸ್‌ಕಥೆ #ಊರಿನಇತಿಹಾಸ