ನಾಯಿಯ ಮೂತಿಗೆ ಪಟ್ಟಿ ಹಾಕಿದರೆ ಕಚ್ಚುವ ಚಾಳಿ ನಿಲ್ಲುತ್ತದೆಯೇ?

‘ಕಚ್ಚುವ ನಾಯಿಗೆ ಇದನ್ನು ಹಾಕಿ, ಹತ್ತೇ ನಿಮಿಷದಲ್ಲಿ ಸಾಧುವಾಗುತ್ತೆ’ ಎನ್ನುವಂಥ ವಿಡಿಯೋಗಳು ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಮೂತಿಯ ಸುತ್ತ ಒಂದು ತೆಳು ಪಟ್ಟಿ, ಕಿವಿಯ ಹಿಂದೆ ಇನ್ನೊಂದು. ಎಳೆದಾಡುತ್ತಿದ್ದ ನಾಯಿ ಸುಮ್ಮನೆ ಪಕ್ಕದಲ್ಲಿ ನಡೆಯುತ್ತದೆ. ಅರಸೀಕೆರೆಯ ತೆಂಗಿನ ತೋಟಗಳಲ್ಲಿ, ಬೇಲೂರು, ಹಳೇಬೀಡು ಕಡೆಯ ಹೊಲದ ಮನೆಗಳಲ್ಲಿ ಕಾವಲಿಗೆ ನಾಯಿ ಸಾಕಿದವರಿಗೆ ಇದು ಆಸೆ ಹುಟ್ಟಿಸುವ ವಿಷಯ. ಡೇರಿಗೆ ಹಾಲು ಹಾಕಲು ಹೋಗುವವರ ಮೇಲೋ ಶಾಲೆ ಮಕ್ಕಳ ಮೇಲೋ ನಾಯಿ ಎರಗಿದರೆ ಇಡೀ ಮನೆಯ ನೆಮ್ಮದಿ ಹೋಗುತ್ತದೆ.

ಒಂದೇ ಮಾತಿನಲ್ಲಿ ಹೇಳುವುದಾದರೆ: ಈ ಪಟ್ಟಿ ನಾಯಿಯನ್ನು ಹಿಡಿದುಕೊಳ್ಳಲು ನೆರವಾಗುತ್ತದೆ, ಕಚ್ಚುವುದನ್ನು ತಡೆಯುವುದಿಲ್ಲ.

ಇದು ಹೇಗೆ ಕೆಲಸ ಮಾಡುತ್ತದೆ?

ಇದರ ಹೆಸರು ಹೆಡ್ ಹಾಲ್ಟರ್. ಎತ್ತಿನ ಮೂಗುದಾರದ ಉಪಾಯವೇ ಇಲ್ಲೂ ಇದೆ: ತಲೆ ತಿರುಗಿದತ್ತ ಮೈ ತಿರುಗುತ್ತದೆ. ಆದರೆ ಇಲ್ಲಿ ಮೂಗು ಚುಚ್ಚುವುದಿಲ್ಲ. ‘ಜೆಂಟಲ್ ಲೀಡರ್’ ಎಂಬ ಹಾಲ್ಟರನ್ನು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಪಶುವೈದ್ಯ ಆರ್. ಕೆ. ಆಂಡರ್ಸನ್ ಮತ್ತು ತರಬೇತುದಾರ್ತಿ ರೂತ್ ಫಾಸ್ಟರ್ 1980ರ ದಶಕದಲ್ಲಿ ರೂಪಿಸಿದರು.

ತಪ್ಪು ತಿಳಿವಳಿಕೆ 1: ಹಾಲ್ಟರ್ ಇದ್ದರೆ ಕಚ್ಚಲಾರದು

ಕಚ್ಚಬಲ್ಲದು. ಹಾಲ್ಟರ್ ಹಾಕಿದ ನಾಯಿ ಬಾಯಿ ತೆರೆಯುತ್ತದೆ, ತಿನ್ನುತ್ತದೆ, ಬೊಗಳುತ್ತದೆ. ಕಚ್ಚುವ ಭಯವಿದ್ದರೆ ರಾಸುಗಳಿಗೆ ಕಟ್ಟುವ ಕುಕ್ಕೆಯಂಥ, ಬುಟ್ಟಿ ಆಕಾರದ ಮಜಲ್ ಬೇಕು. ನಾಯಿ ಅದರೊಳಗೆ ನಾಲಿಗೆ ಚಾಚಿ ಏದುಸಿರು ಬಿಡುವಷ್ಟು, ನೀರು ಕುಡಿಯುವಷ್ಟು ಜಾಗ ಇರಬೇಕು.

ತಪ್ಪು ತಿಳಿವಳಿಕೆ 2: ಹಾಕಿ ಜಗ್ಗಿದರೆ ಬುದ್ಧಿ ಬರುತ್ತದೆ

ಜೋರಾಗಿ ಜಗ್ಗಿದರೆ ಕುತ್ತಿಗೆಗೆ ಪೆಟ್ಟಾಗಬಹುದು. ನಾಯಿ ಎರಗುವುದಕ್ಕೆ ಬಹಳ ಸಲ ಭಯವೇ ಕಾರಣ, ಹೊಡೆತ ಆ ಭಯವನ್ನು ಹೆಚ್ಚಿಸುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ನಾಯಿಗೆ ಹೊಡೆದ ಅಥವಾ ಒದ್ದ ಮಾಲೀಕರ ಪೈಕಿ ಶೇ. 43ರಷ್ಟು ಮಂದಿ ನಾಯಿ ತಿರುಗಿಬಿದ್ದಿತು ಎಂದಿದ್ದರು. ಗುರುಗುಟ್ಟಿದ್ದಕ್ಕೂ ಹೊಡೆಯಬೇಡಿ. ಅದು ನಾಯಿ ಕೊಡುವ ಎಚ್ಚರಿಕೆ. ಅದನ್ನು ಅಡಗಿಸಿದರೆ ಮುಂದೊಂದು ದಿನ ಸದ್ದಿಲ್ಲದೆ ಕಚ್ಚೀತು.

ಸರಿಯಾದ ಬಳಕೆ ಹೇಗೆ?

• ಮೊದಲು ಪಶುವೈದ್ಯರಿಗೆ ತೋರಿಸಿ. ಕಿವಿಯ ಸೋಂಕು, ಕೀಲುನೋವು ಇದ್ದರೂ ನಾಯಿ ಸಿಡುಕುತ್ತದೆ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ.
• ಮೊದಲ ದಿನವೇ ಬಿಗಿಯಬೇಡಿ. ಪಟ್ಟಿಯೊಳಗೆ ಮೂತಿ ತೂರಿಸಿದಾಗೆಲ್ಲ ಬೇಯಿಸಿದ ಮೊಟ್ಟೆಯ ಚೂರೋ ಕೋಳಿಯ ಚೂರೋ ಕೊಡಿ. ಕೆಲವು ದಿನ ಹೀಗೆ ರೂಢಿ ಮಾಡಿಸಿ.
• ಹಾಲ್ಟರ್ ಕಳಚಿಕೊಳ್ಳುವ ಸಂಭವ ಇರುವುದರಿಂದ ಕೊರಳಪಟ್ಟಿಗೂ ಒಂದು ಹಗ್ಗ ಇರಲಿ.
• ಅಪರಿಚಿತರನ್ನು ಕಂಡು ರೇಗುವ ನಾಯಿಯನ್ನು, ಅದು ನೋಡಿಯೂ ಸುಮ್ಮನಿರುವಷ್ಟು ದೂರದಲ್ಲಿ ನಿಲ್ಲಿಸಿ, ಆಗ ತಿನಿಸು ಕೊಡಿ. ದಿನಗಳು ಕಳೆದಂತೆ ದೂರ ಕಡಿಮೆ ಮಾಡಿ. ನಾಯಿಯನ್ನು ಬದಲಿಸುವುದು ಈ ಅಭ್ಯಾಸ, ಪಟ್ಟಿಯಲ್ಲ.
• ಹಾಲ್ಟರ್ ಹಾಕಿ ಕಂಬಕ್ಕೆ ಕಟ್ಟಿಹೋಗಬೇಡಿ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಇದು ಹೊಂದುವುದಿಲ್ಲ.

ಈಗಾಗಲೇ ಯಾರನ್ನಾದರೂ ಕಚ್ಚಿರುವ ನಾಯಿಯಾದರೆ ವಿಡಿಯೋ ನೋಡಿ ಸ್ವಂತ ಪ್ರಯೋಗ ಬೇಡ. ಅನುಭವಿ ತರಬೇತುದಾರರ ನೆರವು ಪಡೆಯಿರಿ, ಮಕ್ಕಳ ಕೈಗಂತೂ ಹಗ್ಗ ಕೊಡಲೇಬೇಡಿ.

ಕಚ್ಚಿದರೆ ಏನು ಮಾಡಬೇಕು?

ಗಾಯವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಖಾರದ ಪುಡಿ ಹಚ್ಚಬೇಡಿ. ಸಾಕಿದ ನಾಯಿಯೇ ಕಚ್ಚಿದ್ದರೂ, ಅದಕ್ಕೆ ಲಸಿಕೆ ಆಗಿದ್ದರೂ, ಅಂದೇ ಆಸ್ಪತ್ರೆಗೆ ಹೋಗಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವುದು ತೀರಾ ಅಪರೂಪ. ಸಮಯಕ್ಕೆ ಸರಿಯಾಗಿ ಲಸಿಕೆ ಪಡೆದರೆ ಅದನ್ನು ತಡೆಯಬಹುದು.

ಮುಂದಿನ ಸಲ ‘ಹತ್ತೇ ನಿಮಿಷ’ದ ವಿಡಿಯೋ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಒಂದು ಸಾಲು ಸೇರಿಸಿ: ಪಟ್ಟಿ ಹಾಕಿದ ನಾಯಿಯೂ ಕಚ್ಚುತ್ತದೆ.