ಕೋಲಾರದ ಚಿನ್ನದ ಗಣಿಗಳ ಕಾರ್ಮಿಕ ಸಂಘವೂ ಕೆ. ಎಸ್. ವಾಸನ್ ಅವರೂ

ಕೋಲಾರ ಸೀಮೆಯ ಪೂರ್ವಚರಿತ್ರೆಯು ಗಂಗ, ನೊಳಂಬ, ಚೋಳ, ವಿಜಯನಗರದ ಅರಸರ ಶಾಸನಗಳಿಂದ ಸಾಕಷ್ಟು ವಿಶದವಾಗಿದೆ. ಆದರೆ ಅದೇ ಸೀಮೆಯ ಚಿನ್ನದ ಗಣಿಗಳ ಮಾತು ಬಂದೊಡನೆ ಚರಿತ್ರಕಾರರು ಸಾಮಾನ್ಯವಾಗಿ ಗಣಿಗಳ ಆಳವನ್ನೂ ತೆಗೆದ ಚಿನ್ನದ ತೂಕವನ್ನೂ ಹೇಳಿ ಮುಂದೆ ಸಾಗುತ್ತಾರೆ. ಚಿನ್ನವನ್ನು ತೆಗೆದ ಜನರ ಚರಿತ್ರೆಯೂ, ಅವರಿಗಾಗಿ ದುಡಿದ ಮುಖಂಡರ ಚರಿತ್ರೆಯೂ ಕನ್ನಡ ವಿದ್ವಾಂಸರ ವಿಚಾರಕ್ಕೆ ಅಷ್ಟಾಗಿ ಬಂದಿಲ್ಲ. ಆ ಮುಖಂಡರ ಪೈಕಿ ಕೆ. ಎಸ್. ವಾಸನ್ ಅವರ ಹೆಸರು ಮುಖ್ಯವಾದುದು. ಅವರ ಕಾರ್ಯವನ್ನು ಸ್ಮರಿಸುವುದೂ, ಅದಕ್ಕೆ ಕನ್ನಡ ನಾಡಿನ ಚರಿತ್ರೆಯಲ್ಲಿ ಸಲ್ಲತಕ್ಕ ಸ್ಥಾನವನ್ನು ವಿಚಾರಿಸುವುದೂ ಈ ಲೇಖನದ ಉದ್ದೇಶ.

ಮೊದಲು ಕಾರ್ಯಕ್ಷೇತ್ರದ ಸ್ಥಿತಿಯನ್ನು ತಿಳಿಯಬೇಕು. ೧೮೭೦ರ ದಶಕದಲ್ಲಿ ಲವೆಲ್ ಎಂಬ ನಿವೃತ್ತ ಸೈನಿಕನು ಮೈಸೂರು ಸರಕಾರದಿಂದ ಗಣಿ ತೋಡುವ ಅಪ್ಪಣೆಯನ್ನು ಪಡೆದನು. ೧೮೮೦ರ ಬಳಿಕ ಲಂಡನ್ನಿನ ಜಾನ್ ಟೇಲರ್ ಮನೆತನದ ಕಂಪೆನಿಯವರು ಇಲ್ಲಿನ ಆಡಳಿತವನ್ನು ಕೈಗೊಂಡರು. ಆ ಕಾಲದಲ್ಲಿ ಬೌರಿಂಗ್‌ಪೇಟೆ ಎಂದು ಕರೆಯಲ್ಪಡುತ್ತಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಮಿನವರೆಗೆ ೧೮೯೪ರಲ್ಲಿ ರೈಲುಮಾರ್ಗವಾಯಿತು. ೧೯೦೨ರಲ್ಲಿ ಶಿವನಸಮುದ್ರದಿಂದ ಸುಮಾರು ೯೨ ಮೈಲಿ ದೂರ ತಂತಿಯ ಮೂಲಕ ವಿದ್ಯುಚ್ಛಕ್ತಿಯು ಬಂದಿತು. ಉತ್ತರ ಆರ್ಕಾಡು, ಚಿತ್ತೂರು, ಸೇಲಂ ಮೊದಲಾದ ಜಿಲ್ಲೆಗಳಿಂದ ಸಾವಿರಾರು ಜನರು ಕೂಲಿಗಾಗಿ ಬಂದು ನೆಲೆಸಿದರು. ಇವರಲ್ಲಿ ಬಹುಮಂದಿ ತಮ್ಮ ಊರುಗಳಲ್ಲಿ ಅಸ್ಪೃಶ್ಯರೆನಿಸಿಕೊಂಡು ಭೂಮಿಯಿಲ್ಲದೆ ಬದುಕಿದ್ದವರು. ಗಣಿಗಳು ಕಾಲಕ್ರಮದಲ್ಲಿ ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದುವು. ಅಲ್ಲಿಯ ಸೆಕೆ, ಬಂಡೆಗಳು ಒತ್ತಡದಿಂದ ಸಿಡಿಯುವ ಅಪಾಯ, ಕಲ್ಲಿನ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ರೋಗ, ಇವು ಮೂರೂ ಕಾರ್ಮಿಕನ ಆಯುಸ್ಸನ್ನು ಕ್ಷೀಣಗೊಳಿಸುತ್ತಿದ್ದುವು.

ಇದಕ್ಕೆ ಮಿಗಿಲಾಗಿ, ಚಿನ್ನವು ಕಳುವಾದೀತೆಂಬ ಶಂಕೆಯಿಂದ ಕಾರ್ಮಿಕನ ಮೇಲೆ ಸದಾ ಕಾವಲಿರುತ್ತಿತ್ತು. ೧೯೩೦ರಲ್ಲಿ ಪ್ರತಿಯೊಬ್ಬನ ಬೆರಳಿನ ಗುರುತನ್ನು ತೆಗೆದು ದಾಖಲೆ ಮಾಡಬೇಕೆಂಬ ಏರ್ಪಾಡು ಬಂದಾಗ ಸಾವಿರಾರು ಜನರು ಕೆಲಸವನ್ನು ನಿಲ್ಲಿಸಿದರು. ಕೂಲಿಯ ಹೆಚ್ಚಳವೊಂದೇ ಇಲ್ಲಿಯ ಪ್ರಶ್ನೆಯಾಗಿರಲಿಲ್ಲ. ಅಪರಾಧಿಯಂತೆ ಗುರುತು ಕೊಡಬೇಕೇ ಎಂಬ ಮಾನದ ಪ್ರಶ್ನೆಯೂ ಇದ್ದಿತು. ಇದು ಗಮನಿಸತಕ್ಕ ವಿಷಯ. ಈ ಆತ್ಮಗೌರವವು ಅಕಸ್ಮಾತ್ತಾಗಿ ಹುಟ್ಟಿದುದಲ್ಲ. ಪಂಡಿತ ಅಯೋತ್ತಿದಾಸರ ಬೌದ್ಧ ಸಂಘದ ಶಾಖೆಯು ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ಮಾರಿಕುಪ್ಪಮಿನಲ್ಲಿ ಸ್ಥಾಪಿತವಾಗಿದ್ದಿತು. ೧೯೧೪ರಲ್ಲಿ ಅವರು ಗತಿಸಿದ ಮೇಲೆ, ಅವರ ‘ತಮಿಳನ್’ ಪತ್ರಿಕೆಯನ್ನು ಜಿ. ಅಪ್ಪಾದುರೈ ಅವರು ೧೯೨೬ರಿಂದ ಚಿನ್ನದ ಗಣಿಗಳಲ್ಲಿಯೇ ಮತ್ತೆ ಹೊರಡಿಸಿದರು.

ಮಾನದ ಅರಿವಿದ್ದರೂ ಅದನ್ನು ರಕ್ಷಿಸುವ ಸ್ಥಿರವಾದ ಸಂಸ್ಥೆಯಿರಲಿಲ್ಲ. ಬ್ರಿಟಿಷ್ ಇಂಡಿಯಾದ ೧೯೨೬ರ ಕಾರ್ಮಿಕ ಸಂಘಗಳ ಕಾನೂನು ಮೈಸೂರು ಸಂಸ್ಥಾನಕ್ಕೆ ಅನ್ವಯಿಸುತ್ತಿರಲಿಲ್ಲ. ೧೯೪೧ರ ತುರ್ತು ಶಾಸನ, ೧೯೪೨ರ ಮೈಸೂರು ಕಾರ್ಮಿಕ ಕಾನೂನು ಇವುಗಳಿಂದ ಸಂಘ ಕಟ್ಟುವುದಕ್ಕೂ ಮಾಲೀಕರೊಡನೆ ಸಂಧಾನ ನಡೆಸುವುದಕ್ಕೂ ಆಧಾರ ದೊರೆಯಿತು. ಕಮ್ಯೂನಿಸ್ಟ್ ಪಕ್ಷದವರಾದ ವಾಸನ್ ಅವರು ವಿ. ಎಂ. ಗೋವಿಂದನ್ ಮೊದಲಾದವರೊಡನೆ ಕೆಲಸ ಮಾಡಿದುದು ಈ ಕಾಲದಲ್ಲಿ. ಕಾನೂನು ಬರಿಯ ಅವಕಾಶವನ್ನು ಕೊಡುತ್ತದೆಯೇ ಹೊರತು ಸಂಘವನ್ನು ಕಟ್ಟಿಕೊಡುವುದಿಲ್ಲ. ಬೇರೆ ಬೇರೆ ಜಿಲ್ಲೆಗಳಿಂದ ಬಂದ, ಬೇರೆ ಬೇರೆ ಗಣಿಗಳಲ್ಲಿ ದುಡಿಯುವ ಜನರನ್ನು ಒಂದುಗೂಡಿಸುವುದು ದಿನದಿನವೂ ನಡೆಯಬೇಕಾದ ಕೆಲಸ. ಕಂಪೆನಿಯ ದಾಖಲೆಯಲ್ಲಿ ಬೆರಳಿನ ಗುರುತಾಗಬೇಕಾಗಿದ್ದವನು ಸಂಘದ ಪಟ್ಟಿಯಲ್ಲಿ ತಾನಾಗಿ ಹೆಸರು ಬರೆಯಿಸಿದ ಸದಸ್ಯನಾದನು. ಈ ಸುಧಾರಣೆಯ ಸಾರವು ಇದೇ.

ಅದಕ್ಕೆ ತೆತ್ತ ಬೆಲೆ ಅಲ್ಪವಲ್ಲ. ೧೯೪೬ರ ಹೋರಾಟದಲ್ಲಿ ನವೆಂಬರ್ ೪ರಂದು ಪೋಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ಆದರೂ ಸಂಘವು ಅಳಿಯಲಿಲ್ಲ. ೧೯೫೨ರ ಚುನಾವಣೆಯಲ್ಲಿ ಗಣಿಗಳ ಜನರು ವಾಸನ್ ಅವರನ್ನು ಮೈಸೂರು ವಿಧಾನಸಭೆಗೆ ಆರಿಸಿ ಕಳುಹಿಸಿದರು. ೧೯೫೭ರಲ್ಲಿ ಕಮ್ಯೂನಿಸ್ಟ್ ಪಕ್ಷದ ಎಂ. ಸಿ. ನರಸಿಂಹನ್ ಅವರನ್ನೂ, ಪರಿಶಿಷ್ಟ ಜಾತಿಗಳ ಒಕ್ಕೂಟದ ಸಿ. ಎಂ. ಆರುಮುಗಂ ಅವರನ್ನೂ ಆರಿಸಿದರು. ಇವೆರಡು ಚುನಾವಣೆಗಳ ನಡುವೆ, ೧೯೫೬ರಲ್ಲಿ, ಗಣಿಗಳು ಕಂಪೆನಿಯ ಕೈಬಿಟ್ಟು ಮೈಸೂರು ಸರಕಾರದ ವಶವಾದುವು.

ಇಲ್ಲಿ ಒಂದು ಪೂರ್ವಪಕ್ಷವು ಹುಟ್ಟಬಹುದು. ಗಣಿಗಳ ಕಾರ್ಮಿಕರಲ್ಲಿ ಬಹುಭಾಗದವರ ಮಾತು ತಮಿಳು, ಅವರ ಪತ್ರಿಕೆ ತಮಿಳು, ಕಂಪೆನಿಯೋ ಪರದೇಶದ್ದು. ಆದುದರಿಂದ ಇದು ಕನ್ನಡ ನಾಡಿನ ಚರಿತ್ರೆಗೆ ಹೇಗೆ ಸಲ್ಲುತ್ತದೆ? ಇದಕ್ಕೆ ಸಮಾಧಾನವು ಶಾಸನ ವಿದ್ವಾಂಸರ ಪದ್ಧತಿಯಲ್ಲಿಯೇ ಇದೆ. ಕೋಲಾರಮ್ಮನ ಗುಡಿಯಲ್ಲಿರುವ ಚೋಳರ ಕಾಲದ ಶಾಸನಗಳು ತಮಿಳಿನವು. ಆದರೂ ರೈಸ್ ಮಹಾಶಯರು ಕೋಲಾರ ಜಿಲ್ಲೆಯ ಶಾಸನಗಳನ್ನು ಪ್ರಕಟಿಸುವಾಗ ತಮಿಳು ಶಾಸನಗಳನ್ನು ಹೊರಗಿಡಲಿಲ್ಲ. ನಾಡಿನ ಚರಿತ್ರೆಗೆ ಅವು ಪ್ರಮಾಣವಲ್ಲವೆಂದು ಯಾವ ಪಂಡಿತನೂ ಇಂದಿಗೂ ಹೇಳುವುದಿಲ್ಲ. ಹನ್ನೊಂದನೆಯ ಶತಮಾನದ ದಾನಿಯ ತಮಿಳು ಗ್ರಾಹ್ಯವಾಗಿ, ಇಪ್ಪತ್ತನೆಯ ಶತಮಾನದ ಕೂಲಿಯವನ ತಮಿಳು ಅಗ್ರಾಹ್ಯವಾಗುವುದಕ್ಕೆ ಯಾವ ಹೇತುವೂ ತೋರುವುದಿಲ್ಲ. ನೆಲವು ಒಂದೇ, ಆ ನೆಲದಲ್ಲಿ ನಡೆದುದೆಲ್ಲವೂ ಅದರ ಚರಿತ್ರೆ.

ಇನ್ನೊಂದು ಮಾತು. ಊರಿನ ತುರುಗಳನ್ನು ಕಾಯುವುದಕ್ಕಾಗಿ ಮಡಿದವನಿಗೆ ವೀರಗಲ್ಲನ್ನು ನಿಲ್ಲಿಸಿ, ಅವನ ಮನೆಯವರಿಗೆ ಭೂಮಿಯನ್ನು ಬಿಡುವುದು ಈ ನಾಡಿನ ಪೂರ್ವಾಚಾರ. ಕಲ್ಲು ಸ್ಮರಣೆಗೆ, ಭೂಮಿ ಉಳಿದವರ ಜೀವನಕ್ಕೆ. ಇವೆರಡೂ ಕೂಡಿದರೇನೇ ಋಣವು ತೀರಿತೆಂದು ಹಿಂದಿನವರು ತಿಳಿದಿದ್ದರು. ೨೦೦೧ನೆಯ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಲ್ಪಟ್ಟ ಮೇಲೆ ಅಲ್ಲಿಯ ಅನೇಕ ಮನೆಗಳವರು ಕೂಲಿಗಾಗಿ ಬೆಳಗ್ಗೆ ರೈಲು ಹತ್ತಿ, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುವಂತಾಯಿತು. ನವೆಂಬರ್ ೪ರ ಹುತಾತ್ಮರ ಸ್ಮರಣೆಯನ್ನು ಕಾರ್ಮಿಕರು ತಾವೇ ಉಳಿಸಿಕೊಂಡು ಬಂದಿದ್ದಾರೆ. ಉಳಿದವರ ಜೀವನದ ಭಾಗವು ಸರಕಾರಕ್ಕೆ ಸೇರಿದುದು. ಆ ಮುಖಂಡರ ಚರಿತ್ರೆಯನ್ನು ತಮಿಳು ಪತ್ರಿಕೆಗಳಿಂದಲೂ, ಸಂಘದ ಕಾಗದಪತ್ರಗಳಿಂದಲೂ, ಬದುಕಿರುವ ವೃದ್ಧ ಕಾರ್ಮಿಕರ ಬಾಯಿಂದಲೂ ಸಂಗ್ರಹಿಸಿ ಕನ್ನಡದಲ್ಲಿ ನಿಲ್ಲಿಸುವ ಭಾಗವು ವಿದ್ವಾಂಸರಿಗೆ ಸೇರಿದುದು. ಆ ವೃದ್ಧರು ವರ್ಷವರ್ಷಕ್ಕೂ ವಿರಳರಾಗುತ್ತಿರುವುದರಿಂದ ಈ ಕಾರ್ಯದಲ್ಲಿ ವಿಳಂಬವು ಯುಕ್ತವಲ್ಲ.