ಹುಟ್ಟೋ, ಆಯ್ಕೆಯೋ: ಒಂದು ಪ್ರಶ್ನೆಯ ಚರಿತ್ರೆ

ಸಲಿಂಗಪ್ರೇಮದ ಮಾತು ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಇದು ಹುಟ್ಟಿನಿಂದ ಬಂದದ್ದೋ, ತಾನಾಗಿ ಆರಿಸಿಕೊಂಡದ್ದೋ? ಹುಟ್ಟಿನಿಂದ ಬಂದದ್ದೆಂದರೆ ಮರುಕ ಹುಟ್ಟುತ್ತದೆ, ಆರಿಸಿಕೊಂಡದ್ದೆಂದರೆ ಕೋಪ. ಅಂಥವರಿಗೆ ಹಕ್ಕು ಸಲ್ಲಬೇಕೇ ಬೇಡವೇ ಎಂಬುದು ಕೂಡ ಈ ಉತ್ತರವನ್ನೇ ಅವಲಂಬಿಸಿದೆ ಎಂದು ಪರ ವಿರೋಧಗಳೆರಡರವರೂ ಬಹುಕಾಲ ನಂಬಿದ್ದರು. ಆ ನಂಬಿಕೆ ಎಲ್ಲಿ ಹುಟ್ಟಿತು, ಅದರಿಂದ ಏನಾಯಿತು ಎಂಬುದನ್ನು ನೋಡಿದರೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಪ್ರಷ್ಯಾದಲ್ಲಿ ಗಂಡಸರ ನಡುವಣ ಸಂಬಂಧ ಸೆರೆವಾಸಕ್ಕೆ ಗುರಿಮಾಡುವ ಅಪರಾಧವಾಗಿತ್ತು. ಕಾರ್ಲ್ ಹೈನ್ರಿಖ್ ಉಲ್ರಿಕ್ಸ್ ಎಂಬ ನ್ಯಾಯಶಾಸ್ತ್ರಜ್ಞನು 1864ರಿಂದ ಕಿರುಹೊತ್ತಗೆಗಳನ್ನು ಪ್ರಕಟಿಸಿ, ಈ ಒಲವು ಜನ್ಮಜಾತವಾದುದು, ಆದುದರಿಂದ ಶಿಕ್ಷಾರ್ಹವಲ್ಲ ಎಂದು ವಾದಿಸಿದನು. 1867ರ ಆಗಸ್ಟ್ 29ರಂದು ಮ್ಯೂನಿಕ್ ನಗರದಲ್ಲಿ ಸೇರಿದ್ದ ಜರ್ಮನ್ ನ್ಯಾಯವಿದರ ಸಮ್ಮೇಳನದಲ್ಲಿ ಎದ್ದುನಿಂತು ಇದನ್ನು ಹೇಳತೊಡಗಿದಾಗ, ಸಭೆಯ ಗದ್ದಲದಲ್ಲಿ ಅವನ ಮಾತು ಅರ್ಧದಲ್ಲೇ ನಿಂತಿತು. ಆದರೆ ವಾದ ಉಳಿಯಿತು.

ಅದೇ ಕಾಲದಲ್ಲಿ ಹಂಗೇರಿಯ ಲೇಖಕ ಕಾರ್ಲ್ ಮರಿಯಾ ಕೆರ್ಟ್‌ಬೆನಿ ಬೇರೊಂದು ದಾರಿಯನ್ನು ತೋರಿಸಿದನು. ‘ಹೋಮೋಸೆಕ್ಷುವಲ್’ ಎಂಬ ಪದ ಮೊದಲು ಅಚ್ಚಾದದ್ದು 1869ರಲ್ಲಿ, ಇವನು ಹೆಸರಿಲ್ಲದೆ ಪ್ರಕಟಿಸಿದ ಹೊತ್ತಗೆಯಲ್ಲಿ. ಜನ್ಮಜಾತವೆಂದು ಸಾಧಿಸುವುದು ಎರಡಲಗಿನ ಕತ್ತಿ ಎಂಬುದು ಅವನ ಎಚ್ಚರಿಕೆ. ಒಲವು ಹುಟ್ಟಿನದಾಗಲಿ, ಸ್ವಇಚ್ಛೆಯದಾಗಲಿ, ಮೂರನೆಯವರಿಗೆ ಕೇಡಿಲ್ಲದೆ ಇಬ್ಬರು ಒಪ್ಪಿ ನಡೆದುಕೊಳ್ಳುವ ವಿಷಯದಲ್ಲಿ ರಾಜ್ಯಕ್ಕೆ ಕೈಹಾಕುವ ಅಧಿಕಾರವಿಲ್ಲ ಎಂಬುದು ಅವನ ನಿಲುವು. ಆ ಕಾಲ ಅದನ್ನು ಕೇಳಿಸಿಕೊಳ್ಳಲಿಲ್ಲ. 1871ರಲ್ಲಿ ಒಂದುಗೂಡಿದ ಜರ್ಮನಿಯ ದಂಡಸಂಹಿತೆಯಲ್ಲಿ ಅದೇ ಶಿಕ್ಷೆ 175ನೆಯ ವಿಧಿಯಾಗಿ ನೆಲೆಗೊಂಡಿತು.

ಮುಂದೆ ವೈದ್ಯ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ 1897ರಲ್ಲಿ ಬರ್ಲಿನ್ನಿನಲ್ಲಿ ಸಮಿತಿಯೊಂದನ್ನು ಕಟ್ಟಿ, ವಿಜ್ಞಾನದ ಬಲದಿಂದ ಆ ವಿಧಿಯನ್ನು ತೆಗೆಸಲು ಮೂರು ದಶಕಗಳ ಕಾಲ ದುಡಿದನು. 1933ರ ಮೇ ತಿಂಗಳಲ್ಲಿ ನಾಜಿಗಳು ಅವನ ಸಂಶೋಧನಾ ಸಂಸ್ಥೆಯನ್ನು ಸೂರೆಮಾಡಿ ಗ್ರಂಥಗಳನ್ನು ಬೀದಿಯಲ್ಲಿ ಸುಟ್ಟರು. 1935ರಲ್ಲಿ ಕಾನೂನು ಇನ್ನಷ್ಟು ಕಠಿಣವಾಯಿತು. ಸುಮಾರು 50 ಸಾವಿರ ಮಂದಿ ಶಿಕ್ಷೆಗೆ ಗುರಿಯಾದರು, ಸಾವಿರಾರು ಜನ ಗುಲಾಬಿ ಬಣ್ಣದ ತ್ರಿಕೋನ ಧರಿಸಿ ಯಾತನಾ ಶಿಬಿರಗಳನ್ನು ಸೇರಿದರು. ಕೆರ್ಟ್‌ಬೆನಿಯ ಎಚ್ಚರಿಕೆ ಇಲ್ಲಿ ನಿಜವಾಯಿತು. ಒಲವು ಕಲಿತದ್ದು ಎಂದು ತೋರಿದವರನ್ನು ದುಡಿಮೆಯಿಂದ ‘ತಿದ್ದುವ’ ಯತ್ನ ನಡೆಯಿತು. ದೇಹದಲ್ಲೇ ಇದೆ ಎಂದು ತೋರಿದವರ ದೇಹಕ್ಕೇ ಶಸ್ತ್ರವನ್ನೂ ಮದ್ದನ್ನೂ ಪ್ರಯೋಗಿಸಲಾಯಿತು. ಹಿಂಸಿಸಬೇಕೆಂದು ನಿಶ್ಚಯಿಸಿದವರಿಗೆ ಎರಡು ಉತ್ತರಗಳೂ ಅನುಕೂಲವಾಗಿಯೇ ಒದಗಿದವು.

ಪ್ರಜಾಪ್ರಭುತ್ವದ ಇಂಗ್ಲೆಂಡಿನಲ್ಲೂ, ಗಣಕಶಾಸ್ತ್ರದ ಆದ್ಯರಲ್ಲೊಬ್ಬನಾದ ಅಲನ್ ಟ್ಯೂರಿಂಗ್ 1952ರಲ್ಲಿ ಅಪರಾಧಿಯೆನಿಸಿ, ಸೆರೆಮನೆಗೆ ಬದಲಾಗಿ ಹಾರ್ಮೋನು ಚಿಕಿತ್ಸೆಗೆ ಒಳಗಾಗಬೇಕಾಯಿತು. ಅಲ್ಲಿ ಕಾನೂನು 1967ರಲ್ಲಿ ಸಡಿಲವಾದಾಗ ಅದಕ್ಕೆ ಆಧಾರವಾದದ್ದು ಪ್ರಯೋಗಾಲಯದ ಸಾಕ್ಷ್ಯವಲ್ಲ. ವಯಸ್ಕರ ಖಾಸಗಿ ನೀತಿ ದಂಡಶಾಸನದ ವಿಷಯವಲ್ಲ ಎಂಬ 1957ರ ವುಲ್ಫೆಂಡನ್ ಸಮಿತಿಯ ವರದಿಯೇ ಅದರ ತಳಹದಿ.

ಹಾಗಾದರೆ ವಿಜ್ಞಾನ ಹೇಳುವುದೇನು? ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. 2019ರಲ್ಲಿ ಸುಮಾರು ಐದು ಲಕ್ಷ ಜನರ ವಂಶವಾಹಿಗಳನ್ನು ಪರಿಶೀಲಿಸಿದ ಅಧ್ಯಯನವು, ಅನುವಂಶೀಯತೆಯ ಪಾತ್ರವಿದೆ, ಆದರೆ ಇದನ್ನು ನಿರ್ಧರಿಸುವ ಒಂಟಿ ವಂಶವಾಹಿ ಯಾವುದೂ ಇಲ್ಲ ಎಂದು ಕಂಡುಕೊಂಡಿತು. ಯಾರೂ ಒಂದು ಮುಂಜಾನೆ ಕುಳಿತು ತಮ್ಮ ಒಲವನ್ನು ಆರಿಸಿಕೊಳ್ಳುವುದಿಲ್ಲ. ಬಲವಂತದಿಂದ ಅದನ್ನು ಬದಲಿಸಲೂ ಆಗುವುದಿಲ್ಲ. ಮದ್ರಾಸ್ ಉಚ್ಚ ನ್ಯಾಯಾಲಯವು 2021ರಲ್ಲಿ ಇಂಥ ‘ಪರಿವರ್ತನಾ ಚಿಕಿತ್ಸೆ’ಯ ವಿರುದ್ಧ ನಿರ್ದೇಶನವಿತ್ತ ಬಳಿಕ, ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಅದನ್ನು ವೃತ್ತಿ ದುರ್ನಡತೆಯೆಂದು ಸಾರಿತು. ಮಕ್ಕಳನ್ನು ‘ಸರಿಪಡಿಸಲು’ ವೈದ್ಯರ ಬಾಗಿಲಿಗೆ ಅಲೆಯುವ ತಂದೆತಾಯಿಗಳು ಅರಿಯಬೇಕಾದ ಸಂಗತಿಯಿದು.

ನಮ್ಮ ದೇಶದ ಚರಿತ್ರೆಯಾದರೋ 1860ರ ಭಾರತ ದಂಡ ಸಂಹಿತೆಯಿಂದ ಮೊದಲಾಗುತ್ತದೆ. ಆಂಗ್ಲರು ತಂದ ಅದರ 377ನೆಯ ಕಲಮು ‘ಪ್ರಕೃತಿಯ ಕ್ರಮಕ್ಕೆ ವಿರುದ್ಧ’ವೆನಿಸಿದ ಸಂಬಂಧಕ್ಕೆ ಆಜೀವ ಸೆರೆವಾಸದವರೆಗೆ ಶಿಕ್ಷೆ ವಿಧಿಸುತ್ತಿತ್ತು. 2009ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಒಪ್ಪಿತ ವಯಸ್ಕರನ್ನು ಅದರಿಂದ ಬಿಡಿಸಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ರದ್ದುಗೊಳಿಸುವಾಗ, ಇಂಥವರು ಜನಸಂಖ್ಯೆಯ ಅತ್ಯಲ್ಪ ಭಾಗವೆಂದು ಹೇಳಿತು.

ತಿರುವು ಬಂದದ್ದು ಯಾರೂ ನಿರೀಕ್ಷಿಸದ ದಿಕ್ಕಿನಿಂದ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಸಲ್ಲಿಸಿದ್ದರು. ಅದರಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಲೈಂಗಿಕ ಒಲವೂ ಆ ಖಾಸಗಿತನದೊಳಗಿನದು, ಎಣಿಕೆಯಲ್ಲಿ ಕಡಿಮೆಯೆಂಬ ಕಾರಣಕ್ಕೆ ಹಕ್ಕು ನಿರಾಕರಿಸಲಾಗದು ಎಂಬ ಮಾತೂ ಅಲ್ಲಿ ಬಂತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠವು ಒಮ್ಮತದಿಂದ, ಒಪ್ಪಿತ ವಯಸ್ಕರ ಮಟ್ಟಿಗೆ 377ನೆಯ ಕಲಮನ್ನು ಅಸಿಂಧುಗೊಳಿಸಿತು. ಒಲವು ಸಹಜವಾದುದೆಂಬ ಮಾತು ಆ ತೀರ್ಪಿನಲ್ಲೂ ಇದೆ. ಆದರೆ ಅದು ನಿಂತದ್ದು ಸಮಾನತೆ, ಘನತೆ, ಖಾಸಗಿತನಗಳೆಂಬ ಕಂಬಗಳ ಮೇಲೆ. 2023ರ ಅಕ್ಟೋಬರಿನಲ್ಲಿ ವಿವಾಹದ ಹಕ್ಕನ್ನು ಮಾತ್ರ ನ್ಯಾಯಾಲಯ ಮನ್ನಿಸಲಿಲ್ಲ. ಅದು ಮುಂದಿನ ಅಧ್ಯಾಯ.

ನಮ್ಮ ಸಂವಿಧಾನವು ಹುಟ್ಟಿನಿಂದ ಬಂದುದನ್ನೂ ಕಾಪಾಡುತ್ತದೆ, ಆರಿಸಿಕೊಂಡುದನ್ನೂ ಕಾಪಾಡುತ್ತದೆ. ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣಕ್ಕೆ ತಾರತಮ್ಯ ಸಲ್ಲದೆಂದು 15ನೆಯ ವಿಧಿ ಹೇಳಿದರೆ, 25ನೆಯ ವಿಧಿ ಮನಃಸಾಕ್ಷಿಯ ಸ್ವಾತಂತ್ರ್ಯವನ್ನು ನೀಡುತ್ತದೆ. ಧರ್ಮವನ್ನು ಬದಲಿಸಬಹುದು, ಬದಲಿಸಬಹುದಲ್ಲ ಎಂದು ಯಾರೂ ಅದರ ರಕ್ಷಣೆಯನ್ನು ಕಿತ್ತುಕೊಳ್ಳುವುದಿಲ್ಲ.

ಗಡಿನಾಡಿನವರಾದ ನಮಗೆ ಇದು ಹೊಸ ಪಾಠವೇನಲ್ಲ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕನ್ನಡ ಅವರು ಒಲಿದು ಅಪ್ಪಿಕೊಂಡ ಭಾಷೆ. ಹುಟ್ಟಿನಿಂದ ಬಂದ ಕನ್ನಡಕ್ಕೊಂದು ಹಕ್ಕು, ಒಲಿದು ಬಂದ ಕನ್ನಡಕ್ಕೊಂದು ಹಕ್ಕು ಎಂದು ನಾವೆಂದೂ ಅಳೆದವರಲ್ಲ. ‘ನೀವು ಇಲ್ಲಿ ಕೆಲವೇ ಮಂದಿ’ ಎಂಬ ಮಾತಿನ ನೋವನ್ನೂ 1956ರಿಂದ ಉಂಡವರು ನಾವು. ಅದೇ ಮಾತನ್ನು ನಮ್ಮ ಮನೆಯ ಮಗನಿಗೋ ಮಗಳಿಗೋ ನಾವು ಹೇಳಬಾರದು. ‘ಇದು ಹುಟ್ಟೋ, ಆಯ್ಕೆಯೋ’ ಎಂಬ ವಿಚಾರಣೆಯನ್ನು ಪಂಡಿತರಿಗೆ ಬಿಡೋಣ. ಮಕ್ಕಳು ಅಂಜುತ್ತ ಬಾಯಿತೆರೆದ ಹೊತ್ತಿನಲ್ಲಿ ಅವರನ್ನು ಕುಳ್ಳಿರಿಸಿ, ಅವರ ಮಾತನ್ನು ಪೂರ್ತಿಯಾಗಿ ಕೇಳೋಣ. ಮ್ಯೂನಿಕ್ಕಿನ ಸಭೆಯಲ್ಲಿ ಉಲ್ರಿಕ್ಸನಿಗೆ ದೊರೆಯದೇ ಹೋದದ್ದು ಅದೇ.